ಕಿಟಕಿ ಪಕ್ಕ ಬನ್ನಿ: ಪ್ರೊಫೈಲ್ ಫೋಟೋ ಬಗ್ಗೆ ನಿಮ್ಮ ಪ್ರಶ್ನೆಗಳು

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅಪ್ಪ 1974ರಲ್ಲಿ ಶುರು ಮಾಡಿದ ಸ್ಟುಡಿಯೋವನ್ನು 1999ರಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಆಗ ಬರುತ್ತಿದ್ದವರು ಮೂರು ಥರದವರು. ಪರೀಕ್ಷೆ ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಬೇಕಾದವರು, ಗಂಡಿನ ಮನೆಗೆ ಮಗಳ ಫೋಟೋ ಕಳಿಸಬೇಕಾದವರು, ಹೊಸದಾಗಿ ಮದುವೆಯಾದವರು. ಈಗ ಇನ್ನೊಂದು ಥರದವರು ಬರುತ್ತಿದ್ದಾರೆ. ಕೆಲಸ ಹುಡುಕಲು, ಅಂಗಡಿಯ ಪೇಜಿಗೆ, ಲಿಂಕ್ಡ್‌ಇನ್‌ಗೆ, ವಾಟ್ಸ್‌ಆ್ಯಪ್‌ ಡಿಪಿಗೆ ತಮ್ಮದೊಂದು ಒಳ್ಳೆಯ ಫೋಟೋ ಬೇಕು ಅನ್ನುವವರು. ಈ ಸಲ ಬಂದ ಪತ್ರಗಳೆಲ್ಲ ಅಂಥವರದ್ದೇ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಲಿಂಕ್ಡ್‌ಇನ್‌ಗೆ ಒಳ್ಳೆ ಫೋಟೋ ಹಾಕಿ ಎಂದು ಕಾಲೇಜಿನಲ್ಲಿ ಹೇಳಿದ್ದಾರೆ. ಸ್ಟುಡಿಯೋಗೆ ಕೊಡಲು ದುಡ್ಡಿಲ್ಲ. ಸೆಲ್ಫಿ ತೆಗೆದರೆ ಮೂಗು ದಪ್ಪ ಕಾಣುತ್ತದೆ. ನಮ್ಮದು ಹಳೇ ಮನೆ, ಒಳಗೆಲ್ಲ ಕತ್ತಲೆ. ಏನು ಮಾಡಲಿ ಮೇಡಂ? (ಸಾಗರದ ಹತ್ತಿರದ ಹಳ್ಳಿಯಿಂದ)

ಉತ್ತರ: ತಂಗಿ, ಮೊದಲು ಮೂಗಿನ ವಿಷಯ ಮುಗಿಸೋಣ. ಕೈ ಚಾಚಿ ಸೆಲ್ಫಿ ತೆಗೆದಾಗ ಫೋನ್ ನಿನ್ನ ಮುಖದಿಂದ ಒಂದು, ಒಂದೂವರೆ ಅಡಿ ದೂರದಲ್ಲಿರುತ್ತದೆ. ಮೂಗು ಕಿವಿಗಿಂತ ನಾಲ್ಕೈದು ಇಂಚು ಮುಂದಿದೆ. ಅಷ್ಟು ಹತ್ತಿರದಿಂದ ನೋಡಿದಾಗ ಆ ನಾಲ್ಕೈದು ಇಂಚೇ ದೊಡ್ಡ ವ್ಯತ್ಯಾಸ. ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಸೆಲ್ಫಿ ನೋಡಿ ಮೂಗಿನ ಆಪರೇಷನ್ ಕೇಳಿಕೊಂಡು ಬರುವವರನ್ನು ಕಂಡು ಅಮೆರಿಕದ ವೈದ್ಯರು ಇದನ್ನು ಲೆಕ್ಕ ಹಾಕಿ 2018ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 5 ಅಡಿ ದೂರದಿಂದ ತೆಗೆದ ಫೋಟೋಗಿಂತ 12 ಇಂಚಿನ ಸೆಲ್ಫಿಯಲ್ಲಿ ಮೂಗು ಸುಮಾರು 30% ಅಗಲ ಕಾಣುತ್ತದೆ. ಹಾಗಾಗಿ ಫೋನನ್ನು ತಮ್ಮನ ಕೈಗೋ ಅಮ್ಮನ ಕೈಗೋ ಕೊಡು. ಐದಾರು ಅಡಿ ದೂರ ನಿಲ್ಲಿಸು. ಹಿಂದಿನ ಕ್ಯಾಮೆರಾದಲ್ಲಿ ‘2x’ ಒತ್ತಿ ತೆಗೆಯಲಿ. ತೆಗೆಯುವ ಮೊದಲು ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಲಿ. ಬೆರಳಿನ ಎಣ್ಣೆ ಹತ್ತಿಯೇ ಎಷ್ಟೋ ಫೋಟೋ ಮಸುಕಾಗುತ್ತವೆ.

ಇನ್ನು ಬೆಳಕು. ಮನೆಯೊಳಗೆ ಕತ್ತಲೆ ಅಂದೆಯಲ್ಲ, ಜಗಲಿ ಇದೆ ಅಲ್ವಾ? ನಮ್ಮ ಮಲೆನಾಡಿನ ಜಗಲಿಯಂಥ ಸ್ಟುಡಿಯೋವನ್ನು ನಾನು ದುಡ್ಡು ಕೊಟ್ಟರೂ ಕಟ್ಟಿಸಲಾರೆ. ಮೇಲೆ ಮಾಡಿನ ನೆರಳು. ಎದುರಿಗೆ ಬಿಸಿಲು ಬಿದ್ದ ಅಂಗಳ. ಆ ಅಂಗಳದ ಬೆಳಕು ಮೆತ್ತಗೆ ಒಳಗೆ ಬರುತ್ತದೆ. ಬೆಳಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಜಗಲಿಯ ಅಂಚಿನಿಂದ ಎರಡಡಿ ಒಳಗೆ ನಿಂತುಕೋ. ಮುಖ ಅಂಗಳದ ಕಡೆ ಇರಲಿ, ಪೂರ್ತಿ ಎದುರಿಗೆ ಬೇಡ, ಸ್ವಲ್ಪ ಓರೆಯಾಗಿ. ಕನ್ನಡಿಯಲ್ಲಿ ನೋಡಿಕೋ. ಎರಡೂ ಕಣ್ಣಲ್ಲಿ ಒಂದೊಂದು ಬಿಳಿ ಚುಕ್ಕೆ ಹೊಳೆಯಬೇಕು. ಅದು ಕಂಡರೆ ಬೆಳಕು ಸರಿಯಾಗಿದೆ.

ಎರಡು ವಿಷಯ ನೋಡಿಕೋ. ನಿಮ್ಮದು ಕೆಂಪು ಗಾರೆ ನೆಲವಾಗಿದ್ದರೆ ಅದು ಗದ್ದದ ಕೆಳಗೆ ಕೆಂಪು ಬಣ್ಣ ಎರಚುತ್ತದೆ. ಕಾಲ ಬಳಿ ಅಪ್ಪನ ಬಿಳಿ ಪಂಚೆ ಹಾಸು. ಕೆಂಪು ಹೋಗುತ್ತದೆ, ಕಣ್ಣಿನ ಕೆಳಗಿನ ನೆರಳೂ ತಿಳಿಯಾಗುತ್ತದೆ. ಮಳೆಗಾಲಕ್ಕೆ ನೀಲಿ ಟಾರ್ಪಾಲು ಕಟ್ಟಿದ್ದರೆ ಅರ್ಧ ಗಂಟೆ ಸರಿಸಿಡಿ. ಅದರಡಿ ನಿಂತರೆ ಎಂಥವರೂ ಜ್ವರ ಬಂದವರಂತೆ ಕಾಣುತ್ತಾರೆ.

ಹಿಂದಿನ ಗೋಡೆಯಿಂದ ನಾಲ್ಕೈದು ಅಡಿ ಮುಂದೆ ಇರು. ಪೋರ್ಟ್ರೇಟ್ ಮೋಡ್ ಬೇಡ, ಅದು ಓಲೆಯನ್ನೂ ಕೂದಲಿನ ಎಳೆಗಳನ್ನೂ ನುಂಗಿಬಿಡುತ್ತದೆ. ಬ್ಯೂಟಿ ಅಂತ ಇರುವುದನ್ನು ಸೊನ್ನೆಗೆ ತಾ. ಇರುವ ಚೂಡಿದಾರದಲ್ಲಿ ಸಾದಾ ಬಣ್ಣದ್ದು ಹಾಕಿಕೋ. ಸಣ್ಣ ಸಣ್ಣ ಗೆರೆಯ ಬಟ್ಟೆ ಫೋಟೋ ಚಿಕ್ಕದಾದಾಗ ಅಲೆ ಅಲೆಯಾಗಿ ಕಾಣುತ್ತದೆ. ಕೋಟು ಸಾಲ ತರುವ ಅಗತ್ಯ ಇಲ್ಲ. ಒಂದು ಮೂವತ್ತು ಫೋಟೋ ತೆಗೆಸು. ಮೊದಲ ಹತ್ತು ಬಿಗಿಯಾಗಿರುತ್ತವೆ, ಪರವಾಗಿಲ್ಲ. ನಡುವೆ ಕಣ್ಣು ಮುಚ್ಚಿ ಉಸಿರು ಬಿಡು, ಕಣ್ಣು ತೆರೆದ ಕೂಡಲೇ ತಮ್ಮ ಒತ್ತಲಿ. ನಾನು ಸ್ಟುಡಿಯೋದಲ್ಲಿ ಮಾಡುವುದೂ ಇದನ್ನೇ.

ಲಿಂಕ್ಡ್‌ಇನ್‌ಗೆ ಕನಿಷ್ಠ 400 x 400 ಪಿಕ್ಸೆಲ್ ಇರಲಿ, 8 ಎಂಬಿ ದಾಟಬಾರದು. ಅದು ಗುಂಡಗೆ ಕತ್ತರಿಸಿ ತೋರಿಸುತ್ತದೆ, ತಲೆಯ ಸುತ್ತ ಸ್ವಲ್ಪ ಜಾಗ ಬಿಡು. ಫೋಟೋ ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿಕೋ. ಸುಮ್ನೆ ಫೋಟೋ ಥರ ಕಳಿಸಿದರೆ ಸೊರಗಿ ಬರುತ್ತದೆ.

ಪ್ರಶ್ನೆ: ವಿಮಾ ಏಜೆಂಟ್ ಆಗಿದ್ದೇನೆ. ವಿಸಿಟಿಂಗ್ ಕಾರ್ಡ್ ಮತ್ತು ಫೇಸ್‌ಬುಕ್‌ಗೆ ಫೋಟೋ ಬೇಕು. ಕೈಕಟ್ಟಿ ನಿಂತರೆ ಗಂಭೀರವಾಗಿ ಕಾಣುತ್ತದೆ ಎನ್ನುತ್ತಾರೆ. ನಿಜವೇ? (ತುಮಕೂರು)

ಉತ್ತರ: ಈ ಭಂಗಿ ನಮ್ಮಲ್ಲಿ ಎಲ್ಲರ ಮನಸ್ಸಿನಲ್ಲಿ ಕೂತಿರುವುದಕ್ಕೆ ಒಂದು ಫೋಟೋ ಮುಖ್ಯ ಕಾರಣ ಎಂದು ನನ್ನ ನಂಬಿಕೆ. 1893ರಲ್ಲಿ ಷಿಕಾಗೋದಲ್ಲಿ ಥಾಮಸ್ ಹ್ಯಾರಿಸನ್ ಎಂಬ ಫೋಟೋಗ್ರಾಫರ್ ತೆಗೆದ ವಿವೇಕಾನಂದರ ಚಿತ್ರ. ನಾನು ಓದಿದ ಶಾಲೆಯಲ್ಲೂ ಗೋಡೆ ಮೇಲಿತ್ತು. ಆ ಚಿತ್ರವನ್ನು ಮತ್ತೊಮ್ಮೆ ನೋಡಿ. ಕೈಕಟ್ಟಿದ್ದರೂ ಹೆಗಲು ಸಡಿಲ ಇದೆ. ಮುಖ ಕ್ಯಾಮೆರಾದಿಂದ ಸ್ವಲ್ಪ ಆಚೆ ತಿರುಗಿದೆ. ಆ ನಿಲುವು ಅವರದ್ದೇ.

ನಮ್ಮಲ್ಲಿಗೆ ಬರುವವರು ಕೈಕಟ್ಟಿದ ಕೂಡಲೇ ಹೆಗಲು ಕಿವಿಯ ಕಡೆ ಏರುತ್ತದೆ, ಅಂಗೈ ಬಗಲಲ್ಲಿ ಅಡಗುತ್ತದೆ, ಅಂಗಿ ಎದೆ ಮೇಲೆ ಸುಕ್ಕಾಗುತ್ತದೆ. ನಿಮ್ಮ ಕೆಲಸ ನೋಡಿದರೆ, ಒಂದು ಮನೆಯವರು ತಮ್ಮ ಉಳಿತಾಯದ ಮಾತನ್ನು ನಿಮ್ಮ ಹತ್ತಿರ ಆಡಬೇಕು. ಅವರಿಗೆ ನಿಮ್ಮ ಕೈ ಕಾಣಲಿ. ಒಂದು ಸ್ಟೂಲಿನ ಮೇಲೆ ಓರೆಯಾಗಿ ಕೂತು, ಕೈ ತೊಡೆಯ ಮೇಲಿಟ್ಟು, ಮುಖ ಮಾತ್ರ ಕ್ಯಾಮೆರಾ ಕಡೆ ತಿರುಗಿಸಿ. ತೆಗೆಯುವವರ ಹತ್ತಿರ ನಿಮ್ಮ ಮೊದಲ ಪಾಲಿಸಿ ಯಾರಿಗೆ ಮಾಡಿದ್ದು ಅಂತ ಹೇಳುತ್ತಾ ಇರಿ. ಆ ಮಾತಿನ ನಡುವೆ ಬರುವ ಮುಖವೇ ಕಾರ್ಡಿಗೆ ಸರಿ. ಅಷ್ಟಾದ ಮೇಲೂ ಕೈಕಟ್ಟುವುದೇ ನಿಮ್ಮ ಅಭ್ಯಾಸವಾಗಿದ್ದರೆ ಕಟ್ಟಿ, ಬೆರಳುಗಳು ಹೊರಗೆ ಕಾಣಲಿ.

ಪ್ರಶ್ನೆ: ಬ್ಯಾಂಕಿನಲ್ಲಿ ಅಧಿಕಾರಿ. ನನ್ನದು ಕಪ್ಪು ಮೈಬಣ್ಣ. ಕಚೇರಿಯ ವೆಬ್‌ಸೈಟಿಗೆ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆ. ನಾನು ಕೇಳದಿದ್ದರೂ ಮುಖವನ್ನು ತೀರಾ ಬೆಳ್ಳಗೆ ಮಾಡಿಕೊಟ್ಟರು. ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ. ‘ಇದು ಯಾರ ಫೋಟೋ?’ ಎಂದು ಸಹೋದ್ಯೋಗಿಗಳು ಕೇಳಿದಾಗ ಅಳು ಬಂತು. ಕಪ್ಪಗಿರುವವರ ಫೋಟೋ ಚೆನ್ನಾಗಿ ಬರುವುದೇ ಇಲ್ಲವೇ? (ರಾಯಚೂರು)

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಮ್ಮ ಕಸುಬಿನವರ ಪರವಾಗಿ ಮೊದಲು ಕ್ಷಮೆ ಕೇಳುತ್ತೇನೆ. ನಿಮಗೆ ಆದದ್ದು ತಪ್ಪು. ಅದೇ ತಪ್ಪನ್ನು ನಾನೂ ಮಾಡಿದ್ದೇನೆ.

ಅಪ್ಪನ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ತಿದ್ದುತ್ತಿದ್ದರು. ನೆಗೆಟಿವ್‌ನಲ್ಲಿ ಪೆನ್ಸಿಲ್ ತಾಗಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಒಂದು ಮುಖಕ್ಕೆ ಅಪ್ಪ ಒಂದು ಗಂಟೆ ಕೂರುತ್ತಿದ್ದರು. ಫೋಟೋಶಾಪ್ ಬಂದ ಮೇಲೆ ಆ ಒಂದು ಗಂಟೆಯ ಕೆಲಸ ಒಂದು ನಿಮಿಷಕ್ಕೆ ಇಳಿಯಿತು. ‘ಸ್ವಲ್ಪ ಬೆಳ್ಳಗೆ ಮಾಡಿಕೊಡಿ’ ಅಂದವರಿಗೆಲ್ಲ ಮಾಡಿಕೊಟ್ಟೆ. 2003ರಲ್ಲಿ ಒಬ್ಬ ಹುಡುಗಿಯ ಫೋಟೋವನ್ನು ಮನೆಯವರು ಹೇಳಿದ ಹಾಗೆ ತಿದ್ದಿ ಕೊಟ್ಟಿದ್ದೆ. ಎರಡು ತಿಂಗಳಾದ ಮೇಲೆ ಅವಳೊಬ್ಬಳೇ ಬಂದಳು. ಪರ್ಸಿನಿಂದ ಆ ಪ್ರಿಂಟ್ ತೆಗೆದು ಗಾಜಿನ ಕೌಂಟರ್ ಮೇಲಿಟ್ಟಳು. ಪಕ್ಕದಲ್ಲಿ ತನ್ನ ಕೈ ಇಟ್ಟಳು. ಹೆಣ್ಣು ನೋಡಲು ಬಂದವರು ‘ಫೋಟೋದಲ್ಲಿ ಬೇರೆ ಥರ ಇದ್ದರು’ ಅಂದು ಹೋಗಿದ್ದರಂತೆ. ‘ನಾನು ಇರೋ ಹಾಗೆ ಒಂದು ತೆಗೆದುಕೊಡಿ’ ಅಂದಳು. ಆವತ್ತಿನಿಂದ ನಾನು ಯಾರ ಮೈಬಣ್ಣವನ್ನೂ ಮುಟ್ಟಿಲ್ಲ. ಬೆಳ್ಳಗೆ ಮಾಡಲೇಬೇಕು ಅನ್ನುವವರಿಗೆ ಬೇರೆ ಸ್ಟುಡಿಯೋಗೆ ಹೋಗಿ ಅನ್ನುತ್ತೇನೆ.

ಕಪ್ಪಗಿರುವವರ ಫೋಟೋ ಚೆನ್ನಾಗಿ ಬರುವುದಿಲ್ಲ ಎನ್ನುವ ಮಾತಿಗೆ ಒಂದು ಹಳೇ ಕಥೆ ಇದೆ. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿದ್ದದ್ದು ಬಿಳಿ ಮೈಬಣ್ಣದ ಹೆಂಗಸು. ಅದನ್ನು ‘ಶರ್ಲಿ ಕಾರ್ಡ್’ ಅನ್ನುತ್ತಿದ್ದರು. ಆ ಮುಖ ಸರಿ ಕಂಡರೆ ಬಣ್ಣ ಸರಿ ಎಂದು ಲೆಕ್ಕ. ಕಂದು ಬಣ್ಣದ ಛಾಯೆಗಳು ಸರಿಯಾಗಿ ಬರುತ್ತಿಲ್ಲ ಎಂದು ಕಂಪನಿಗೆ ಗಟ್ಟಿಯಾಗಿ ದೂರು ಕೊಟ್ಟವರಲ್ಲಿ ಮರದ ಪೀಠೋಪಕರಣ ಮತ್ತು ಚಾಕೊಲೇಟ್ ಮಾಡುವವರು ಇದ್ದರು. ಬೇರೆ ಬೇರೆ ಮೈಬಣ್ಣದ ಹೆಂಗಸರಿದ್ದ ಕಾರ್ಡು ಬಂದದ್ದು 1990ರ ದಶಕದಲ್ಲಿ. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಾವು ಇಲ್ಲಿ ಕೂತು ಜನರ ಮುಖದಲ್ಲಿ ತಪ್ಪು ಹುಡುಕುತ್ತಿದ್ದೆವು. ತಪ್ಪು ಅಳತೆಗೋಲಿನಲ್ಲಿತ್ತು.

ಈಗಿನ ಕ್ಯಾಮೆರಾಗಳು ಎಷ್ಟೋ ಸುಧಾರಿಸಿವೆ. ಆದರೂ ತೆಗೆಯುವವರಿಗೆ ಕೆಲಸ ಗೊತ್ತಿರಬೇಕು. ಮುಂದಿನ ಸಲ ಹೋದಾಗ ಇವಿಷ್ಟನ್ನು ಕೇಳಿ.

ಹಿಂದೆ ಬಿಳಿ ಪರದೆ ಬೇಡ ಎನ್ನಿ. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಎದುರಿಗೆ ಇರುವುದನ್ನೆಲ್ಲ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಫ್ರೇಮಿನ ತುಂಬ ಬಿಳಿ ಇದ್ದರೆ ಬೆಳಕು ಜಾಸ್ತಿಯಾಯಿತು ಎಂದುಕೊಂಡು ಕಡಿಮೆ ಮಾಡುತ್ತದೆ. ಆಗ ಮುಖ ಇನ್ನೂ ಕಪ್ಪಾಗುತ್ತದೆ, ಕಣ್ಣು ಮುಳುಗುತ್ತದೆ. ಅದನ್ನು ಸರಿಮಾಡಲು ಹೋಗಿ ಕಂಪ್ಯೂಟರಿನಲ್ಲಿ ಸುಣ್ಣ ಬಳಿಯುತ್ತಾರೆ. ಬೂದು ಅಥವಾ ಮಣ್ಣಿನ ಬಣ್ಣದ ಪರದೆ ಇರಲಿ. ಮುಖಕ್ಕೇ ಅಳತೆ ಹಿಡಿದು ತೆಗೆಯಲಿ. ಮನೆಯಲ್ಲಿ ಫೋನಿನಲ್ಲಾದರೆ ಪರದೆ ಮೇಲೆ ನಿಮ್ಮ ಕೆನ್ನೆಯನ್ನು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಚೂರು ಮೇಲೆ ಸರಿಸಿ.

ಬೆಳಕು ದೊಡ್ಡದಾಗಿ, ಪಕ್ಕದಿಂದ, ಹತ್ತಿರದಿಂದ ಬರಲಿ. ಬೇಲೂರಿನ ಮದನಿಕೆಯರನ್ನು ನೋಡಿದ್ದೀರಲ್ಲ? ಆ ಕಪ್ಪು ಕಲ್ಲಿಗೆ ಎದುರಿನಿಂದ ಫ್ಲ್ಯಾಶ್ ಹೊಡೆದವರ ಫೋಟೋದಲ್ಲಿ ಕೆತ್ತನೆಯೇ ಕಾಣುವುದಿಲ್ಲ. ಸಂಜೆಯ ಓರೆ ಬಿಸಿಲು ಬಿದ್ದಾಗ ಕೆನ್ನೆ, ಹುಬ್ಬು, ಬೆರಳು ಎಲ್ಲ ಎದ್ದು ನಿಲ್ಲುತ್ತವೆ. ಕಪ್ಪು ಮೈಯಲ್ಲೂ ಹಾಗೇ. ಅದರ ಚೆಂದ ಹೊಳಪಿನಲ್ಲಿದೆ. ಆ ಹೊಳಪನ್ನು ಪೌಡರ್ ಹಾಕಿ ಮುಚ್ಚಬೇಡಿ, ಫ್ಲ್ಯಾಶಿಗೆ ಪೌಡರ್ ಬೂದಿ ಬಳಿದಂತೆ ಕಾಣುತ್ತದೆ. ಸನ್‌ಸ್ಕ್ರೀನ್ ಕೂಡ ಆವತ್ತು ಬೇಡ. ಬೆವರಿದ್ದರೆ ಟಿಶ್ಯೂ ಒತ್ತಿ ತೆಗೆಯಿರಿ, ಉಜ್ಜಬೇಡಿ. ಸಾಸಿವೆ ಹಳದಿ, ಮರೂನ್, ಗಿಳಿಹಸಿರು ಇವೆಲ್ಲ ನಿಮಗೆ ತುಂಬಾ ಒಪ್ಪುತ್ತವೆ. ಪೇಲವ ಬಣ್ಣ ಉಟ್ಟು ಅಡಗಬೇಡಿ.

ಕೊನೆಗೆ, ದುಡ್ಡು ಕೊಡುವ ಮೊದಲೇ ಬಿಲ್ ಮೇಲೆ ‘ಮೈಬಣ್ಣ ಬದಲಿಸಬಾರದು’ ಎಂದು ಬರೆಸಿ. ಬಾಯಲ್ಲಿ ಹೇಳಿದ್ದು ಎಡಿಟಿಂಗ್ ಮಾಡುವ ಹುಡುಗನವರೆಗೆ ತಲುಪುವುದಿಲ್ಲ. ನನ್ನ ಸ್ಟುಡಿಯೋದಲ್ಲಿ ತಿದ್ದುವುದಕ್ಕೆ ಒಂದೇ ಲೆಕ್ಕ: ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದು ಇದ್ದರೆ ತೆಗೆಯುತ್ತೇವೆ. ಮೊಡವೆ ಹೋಗುತ್ತದೆ, ಮಚ್ಚೆ ಇರುತ್ತದೆ. ನೀವು ಈ ಕಡೆ ಯಾವಾಗಲಾದರೂ ಬಂದರೆ ಸ್ಟುಡಿಯೋಗೆ ಬನ್ನಿ. ನಿಮ್ಮ ಫೋಟೋ ನಾನೇ ತೆಗೆಯುತ್ತೇನೆ, ದುಡ್ಡಿನ ಮಾತು ಬೇಡ.

ಪ್ರಶ್ನೆ: ಸೆಲ್ಫಿಗಳನ್ನು ಕೊಟ್ಟರೆ ಕೋಟು, ಆಫೀಸು ಎಲ್ಲ ಸೇರಿಸಿ ಎಐ ಆ್ಯಪ್ ಫೋಟೋ ಮಾಡಿಕೊಡುತ್ತದೆ. ಸ್ಟುಡಿಯೋಗಿಂತ ಅಗ್ಗ. ಹಾಕಬಹುದೇ? (ವೈಟ್‌ಫೀಲ್ಡ್, ಬೆಂಗಳೂರು)

ಉತ್ತರ: ಅಗ್ಗ ಎನ್ನುವುದು ನಿಜ. ಆದರೆ ಅದು ತೆಗೆದ ಫೋಟೋ ಅಲ್ಲ, ಬರೆದ ಚಿತ್ರ. ನಿಮ್ಮ ಹತ್ತಾರು ಮುಖಗಳನ್ನು ನೋಡಿ, ನಿಮ್ಮಂತೆ ಇರುವ ಒಬ್ಬರನ್ನು ಅದು ಬರೆಯುತ್ತದೆ. ಕಳೆದ ವರ್ಷ ಒಬ್ಬ ಹುಡುಗ ಅಂಥದ್ದೊಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಲು ತಂದಿದ್ದ. ಎಡ ಹುಬ್ಬಿನ ಮೇಲಿನ ಹೊಲಿಗೆ ಗುರುತು ಮಾಯ. ಸ್ವಲ್ಪ ಸೊಟ್ಟ ಇದ್ದ ಹಲ್ಲು ನೆಟ್ಟಗಾಗಿತ್ತು. ಜೊತೆಗೆ ಬಂದಿದ್ದ ಅವನ ತಾಯಿ ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಾ ನಿಂತರು. ‘ಇವನು ಚೆನ್ನಾಗಿದ್ದಾನೆ, ನಮ್ಮವನಲ್ಲ’ ಅಂದರು. ಪ್ರಿಂಟ್ ಹಾಕಿಸಲಿಲ್ಲ.

ಪ್ರೊಫೈಲ್ ಫೋಟೋ ನಿಮ್ಮನ್ನೇ ಹೋಲಬೇಕು ಎಂದು ಲಿಂಕ್ಡ್‌ಇನ್ ಕೂಡ ಕೇಳುತ್ತದೆ. ಸಂದರ್ಶನಕ್ಕೆ ವಿಡಿಯೋ ತೆರೆದ ಮೊದಲ ಕ್ಷಣದಲ್ಲಿ ಎದುರಿನವರ ಮನಸ್ಸಿನಲ್ಲಿ ಒಂದು ಸಣ್ಣ ಅನುಮಾನ ಹುಟ್ಟಿದರೆ, ಆಮೇಲೆ ನೀವು ಆಡುವ ಮಾತಿನ ಮೇಲೂ ಅದರ ನೆರಳು ಬೀಳುತ್ತದೆ. ಇನ್ನೊಂದು ಮಾತು. ಗೊತ್ತಿಲ್ಲದ ಆ್ಯಪಿಗೆ ನಿಮ್ಮ ಮುಖದ ಇಷ್ಟೊಂದು ಫೋಟೋ ಕೊಡುವ ಮೊದಲು, ಅವನ್ನು ಅವರು ಏನು ಮಾಡುತ್ತಾರೆ ಎಂದು ಓದಿ ನೋಡಿ.

ಹಿಂದಿನ ಗೋಡೆಯ ಮೇಲಿನ ವೈರ್ ಅಳಿಸಲು, ಹಿನ್ನೆಲೆ ಸಾದಾ ಮಾಡಲು ಎಐ ಬಳಸಿ, ನಾನೂ ಬಳಸುತ್ತೇನೆ. ಮುಖ ಮುಟ್ಟಲು ಬಿಡಬೇಡಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿ ಇದ್ದೇ ಇರುತ್ತದೆ. ಸಾಗರದ ಹುಡುಗಿಗೆ ಬರೆದದ್ದನ್ನು ಓದಿ, ಬಾಲ್ಕನಿಯನ್ನೇ ಜಗಲಿ ಮಾಡಿಕೊಳ್ಳಿ.

ಪ್ರಶ್ನೆ: ಕನ್ನಡಕದಲ್ಲಿ ಲೈಟ್ ಹೊಳೆದು ಕಣ್ಣೇ ಕಾಣುವುದಿಲ್ಲ. ತೆಗೆದಿಟ್ಟು ಫೋಟೋ ತೆಗೆಸಲೇ? (ಉಡುಪಿ)

ಉತ್ತರ: ದಿನವೂ ಹಾಕುವವರಾದರೆ ಹಾಕಿಕೊಂಡೇ ತೆಗೆಸಿ. ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದು ಚೂರು ಎತ್ತಿದರೆ ಗಾಜು ಕೆಳಗೆ ಬಾಗುತ್ತದೆ, ಹೊಳಪು ಹೋಗುತ್ತದೆ. ಲೈಟನ್ನು ಸ್ವಲ್ಪ ಎತ್ತರಿಸಲು ಹೇಳಿ. ಆದರೆ ಅಮೆರಿಕದ ವೀಸಾ ಫೋಟೋಗೆ ಕನ್ನಡಕ ತೆಗೆಯಲೇಬೇಕು, 2016ರ ನವೆಂಬರ್‌ನಿಂದ ಆ ನಿಯಮ ಇದೆ.

ಪ್ರಶ್ನೆ: ಹಣೆಗೆ ವಿಭೂತಿ ಹಚ್ಚುತ್ತೇನೆ. ಕಂಪನಿಯ ಪ್ರೊಫೈಲಿಗೆ ಅಳಿಸಬೇಕೇ? (ಹುಬ್ಬಳ್ಳಿ)

ಉತ್ತರ: ಕೆಲಸಕ್ಕೆ ಹಚ್ಚಿಕೊಂಡೇ ಹೋಗುತ್ತೀರಲ್ಲ? ಹಾಗಿದ್ದರೆ ಇರಲಿ. ಕುಂಕುಮ, ಹಿಜಾಬ್, ಪೇಟ ಎಲ್ಲದಕ್ಕೂ ನನ್ನದು ಇದೇ ಉತ್ತರ. ವಿಭೂತಿಯ ಪುಡಿ ಹುಬ್ಬಿನ ಮೇಲೆ ಉದುರಿದ್ದರೆ ಮೆತ್ತಗೆ ಒರೆಸಿಕೊಳ್ಳಿ, ಅಷ್ಟೇ.

ಪ್ರಶ್ನೆ: ಅಕ್ಕಾ, ನಾನೂ ಸ್ಟುಡಿಯೋ ಇಟ್ಟಿದ್ದೇನೆ. ಒಂದು ಆಸ್ಪತ್ರೆಯವರು 40 ಜನ ಸಿಬ್ಬಂದಿಯ ಫೋಟೋ ಒಂದೇ ಥರ ಬೇಕು ಎಂದಿದ್ದಾರೆ. ಹಿಂದೆ ಒಂದು ಕಡೆ ಮಾಡಿದಾಗ ಒಬ್ಬೊಬ್ಬರದು ಒಂದೊಂದು ಬಣ್ಣ ಬಂದಿತ್ತು. (ರಾಣೆಬೆನ್ನೂರು)

ಉತ್ತರ: ಆ ಬಣ್ಣದ ಗೋಳು ಟ್ಯೂಬ್‌ಲೈಟಿನಿಂದ ಬಂದಿರಬೇಕು ತಮ್ಮಾ. ಕಿಟಕಿಯ ಬೆಳಕು ನೀಲಿ ಕಡೆ, ಟ್ಯೂಬ್‌ಲೈಟ್ ಹಸಿರು ಕಡೆ ಎಳೆಯುತ್ತದೆ. ಜೊತೆಗೆ ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಹಳೇ ಟ್ಯೂಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗವಾಗಿದ್ದರೆ ಒಂದು ಫೋಟೋ ಒಂದು ಥರ, ಇನ್ನೊಂದು ಇನ್ನೊಂದು ಥರ ಬರುತ್ತದೆ. ಮೊದಲು ರೂಮಿನ ಲೈಟೆಲ್ಲ ಆರಿಸು, ಪರದೆ ಎಳೆ. ನಿನ್ನ ಫ್ಲ್ಯಾಶ್ ಒಂದೇ ಇರಲಿ.

ನಾನು ಮಾಡುವ ಜೋಡಣೆ ಹೇಳುತ್ತೇನೆ. ಬೂದು ಪೇಪರ್ ರೋಲ್. ಅದರಿಂದ ಐದು ಅಡಿ ಮುಂದೆ ಸ್ಟೂಲ್. ಒಂದು ದೊಡ್ಡ ಸಾಫ್ಟ್‌ಬಾಕ್ಸ್, ಅಂದರೆ ಬಟ್ಟೆ ಮುಚ್ಚಿ ಬೆಳಕನ್ನು ಮೆತ್ತಗೆ ಮಾಡುವ ಪೆಟ್ಟಿಗೆ, ಮುಖಕ್ಕೆ 45 ಡಿಗ್ರಿಯಲ್ಲಿ, ಕಣ್ಣಿಗಿಂತ ಸ್ವಲ್ಪ ಮೇಲೆ. ಆಚೆ ಕಡೆ ಬಿಳಿ ಥರ್ಮೋಕೋಲ್ ಶೀಟ್. 85 ಎಂ.ಎಂ ಲೆನ್ಸ್ ಇದ್ದರೆ ಒಳ್ಳೆಯದು. ನಿನ್ನದು ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ ಆದರೆ 50 ಎಂ.ಎಂ ಸಾಕು, ನೋಟ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಎಫ್ 5.6, ಶಟರ್ 1/125, ಐಎಸ್ಒ 100. ಎಲ್ಲ ಮ್ಯಾನ್ಯುವಲ್, ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಕೂಡ. ಸ್ಟೂಲಿನ ಕಾಲು, ಲೈಟ್ ಸ್ಟ್ಯಾಂಡ್, ಟ್ರೈಪಾಡ್ ಇರುವ ಜಾಗಕ್ಕೆಲ್ಲ ನೆಲದ ಮೇಲೆ ಟೇಪ್ ಅಂಟಿಸು. ಯಾರಾದರೂ ತಾಗಿಸಿದರೂ ಮತ್ತೆ ಅಲ್ಲಿಗೇ ತರಬಹುದು. ಆದರೆ ಕ್ಯಾಮೆರಾದ ಎತ್ತರ ಮಾತ್ರ ಒಬ್ಬೊಬ್ಬರ ಕಣ್ಣಿನ ಮಟ್ಟಕ್ಕೆ ಬದಲಿಸಬೇಕು. ಇದನ್ನು ಬಿಟ್ಟರೆ ಕುಳ್ಳಗಿರುವವರನ್ನು ಮೇಲಿನಿಂದ ನೋಡಿದಂತಾಗುತ್ತದೆ. ಮೈಬಣ್ಣಕ್ಕೆ ತಕ್ಕಂತೆ ಲೈಟಿನ ಪವರ್ ಅರ್ಧ ಸ್ಟಾಪ್, ಅಂದರೆ ಒಂದು ಚೂರು, ಆಚೀಚೆ ಮಾಡಲು ಹಿಂಜರಿಯಬೇಡ. ಒಂದೇ ಥರ ಅಂದರೆ ಎಲ್ಲರ ಮುಖವೂ ಅಷ್ಟೇ ಸ್ಪಷ್ಟವಾಗಿ ಕಾಣಬೇಕು ಎಂದರ್ಥ.

ಒಬ್ಬರಿಗೆ ಐದು ನಿಮಿಷ ಇಡು. 40 ಜನರಿಗೆ 200 ನಿಮಿಷ, ಮೂರು ಗಂಟೆ ಇಪ್ಪತ್ತು ನಿಮಿಷ. ಆಸ್ಪತ್ರೆಯವರಿಗೆ ಅರ್ಧ ದಿನ ಬೇಕು ಎಂದೇ ಹೇಳು. ಎರಡು ನಿಮಿಷಕ್ಕೊಬ್ಬರಂತೆ ಓಡಿಸಿದರೆ ಆಯಾಗಳು, ವಾರ್ಡ್‌ಬಾಯ್‌ಗಳು ಹೆದರಿಕೊಂಡೇ ಎದ್ದು ಹೋಗುತ್ತಾರೆ. ಡಾಕ್ಟರಿಗೆ ಕೊಟ್ಟಷ್ಟೇ ಹೊತ್ತನ್ನು ಅವರಿಗೂ ಕೊಡು. ಪ್ರತಿಯೊಬ್ಬರ ಮೊದಲ ಫ್ರೇಮಿನಲ್ಲಿ ಅವರ ಹೆಸರು ಬರೆದ ಚೀಟಿ ಹಿಡಿಸು, ರಾತ್ರಿ ಫೈಲ್ ಜೋಡಿಸುವಾಗ ನನ್ನನ್ನು ನೆನೆಯುತ್ತೀಯ. ಜೋಡಣೆಯ ಅಳತೆಯನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡು. ಆರು ತಿಂಗಳ ಮೇಲೆ ಹೊಸ ನರ್ಸ್ ಬಂದಾಗ ಅದೇ ಫೋಟೋ ಬೇಕಾಗುತ್ತದೆ. ಫೈಲ್ ಕೊಡುವಾಗ, ವೆಬ್‌ಸೈಟುಗಳು ಬಳಸುವ ಬಣ್ಣದ ಅಳತೆಯಾದ ಎಸ್‌ಆರ್‌ಜಿಬಿಯಲ್ಲಿ ಕೊಡು, ಅಡೋಬಿ ಆರ್‌ಜಿಬಿ ಹಾಗೇ ಕೊಟ್ಟರೆ ವೆಬ್‌ಸೈಟಿನಲ್ಲಿ ಬಣ್ಣ ಸತ್ತುಹೋಗಬಹುದು.

ಪ್ರಶ್ನೆ: ದುಡ್ಡು ಕೊಟ್ಟು ತೆಗೆಸಿದ ನನ್ನ ಫೋಟೋವನ್ನು ಸ್ಟುಡಿಯೋದವರು ಶೋಕೇಸಿನಲ್ಲಿ ಹಾಕಿದ್ದಾರೆ. ಸಾಫ್ಟ್ ಕಾಪಿಯನ್ನೂ ಕೊಡುತ್ತಿಲ್ಲ. ಹಕ್ಕು ಯಾರದ್ದು? (ಮಂಗಳೂರು)

ಉತ್ತರ: 1957ರ ಕಾಪಿರೈಟ್ ಕಾಯಿದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ. ಬೇರೆ ಒಪ್ಪಂದ ಇದ್ದರೆ ಮಾತ್ರ ಬದಲಾಗುತ್ತದೆ. ಹಾಗಾಗಿ ಮೊದಲು ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಾದರೂ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಈ ಕಲಮನ್ನು ಹೇಳಿ ಮರ್ಯಾದೆಯಿಂದಲೇ ಕೇಳಿ. ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ, ಹೇಳಿದರೆ ಕೇಳುತ್ತಾರೆ. ಕ್ಯಾಮೆರಾದ ರಾ ಫೈಲ್ (ತಿದ್ದದ ಮೂಲ ಫೈಲ್) ಕೊಡುವುದು ಬಿಡುವುದು ಮೊದಲೇ ಮಾತಾಡಿಕೊಳ್ಳಬೇಕಾದ ವಿಷಯ. ನನ್ನಲ್ಲಿ ಪ್ರೊಫೈಲ್ ಫೋಟೋಗೆ 1,200 ರೂಪಾಯಿ. ಅದರಲ್ಲಿ ತಿದ್ದಿದ ಮೂರು ಫೋಟೋದ ದೊಡ್ಡ ಫೈಲ್ ಸೇರಿದೆ ಎಂದು ಬೋರ್ಡಿನಲ್ಲೇ ಬರೆದಿದ್ದೇನೆ. ಶೋಕೇಸಿನಲ್ಲಿ ಹಾಕುವ ಮೊದಲು ಸಹಿ ಹಾಕಿಸಿಕೊಳ್ಳುತ್ತೇನೆ.

ಪ್ರಶ್ನೆ: ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ನನ್ನ ಫೋಟೋ ಹಾಕಬೇಕು ಎಂದು ಮಗ ಹೇಳುತ್ತಾನೆ. ತಲೆ ಮೇಲಿನ ಸೆರಗು ತೆಗೆದು, ಸ್ಟುಡಿಯೋಗೆ ಹೋಗಿ, ಮೇಕಪ್ ಮಾಡಿಸಿ ತೆಗೆಸೋಣ ಅನ್ನುತ್ತಾನೆ. ನನಗೆ ಮನಸ್ಸಿಲ್ಲ. ವಯಸ್ಸು 54. (ವಿಜಯಪುರ)

ಉತ್ತರ: ಅಕ್ಕಾ, ಮಗನಿಗೆ ನಿಮ್ಮ ಮೇಲೆ ಹೆಮ್ಮೆ ಇದೆ, ಅದಕ್ಕೇ ಹೇಳಿದ್ದಾನೆ. ಆದರೆ ಈ ವಿಷಯದಲ್ಲಿ ನಿಮ್ಮ ಮನಸ್ಸೇ ಸರಿ. ಸೆರಗು ಇರಲಿ. ಹಣೆಯ ಮೇಲೆ ಅದರ ನೆರಳು ಬೀಳದಂತೆ ಎರಡು ಬೆರಳು ಹಿಂದೆ ಸರಿಸಿಕೊಳ್ಳಿ, ಅಷ್ಟು ಸಾಕು. ಇಳಕಲ್ ಸೀರೆ ಇದ್ದರೆ ಅದನ್ನೇ ಉಡಿ. ಆ ಕೆಂಪು ಸೆರಗು ಮುಖದ ಸುತ್ತ ಇದ್ದರೆ ನನ್ನ ಬಳಿ ಇರುವ ಯಾವ ಪರದೆಯೂ ಅದಕ್ಕೆ ಸಮವಲ್ಲ.

ಎರಡು ಫೋಟೋ ಬೇಕು. ಒಂದು ಡಿಪಿಗೆ. ಅದು ಗುಂಡಗೆ, ಉಗುರಿನಷ್ಟು ಕಾಣುವುದರಿಂದ ಮುಖ ಮಾತ್ರ ಇರಲಿ, ರೊಟ್ಟಿ ಬೇಡ. ಮಧ್ಯಾಹ್ನದ ಬಿಸಿಲು ನಿಮ್ಮ ಕಡೆ ಬಲು ಜೋರು. ಬೆಳಗ್ಗೆ ಬಾಗಿಲ ಒಳಗೆ, ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ, ಹೊರಗೆ ನೋಡುತ್ತಾ ನಿಲ್ಲಿ. ಮಗ ಅಂಗಳದಲ್ಲಿ ಐದಾರು ಅಡಿ ದೂರ ನಿಂತು ತೆಗೆಯಲಿ. ಅವನೂ ಸ್ವಲ್ಪ ಪಕ್ಕಕ್ಕಿರಲಿ, ಅವನ ನೆರಳು ನಿಮ್ಮ ಮೇಲೆ ಬೀಳಬಾರದು.

ಇನ್ನೊಂದು ಕೆಲಸದ್ದು, ಕ್ಯಾಟಲಾಗಿಗೆ. ಇದು ಒಲೆಯ ಮುಂದೆಯೇ ಆಗಬೇಕು. ಬಾಗಿಲೋ ಕಿಟಕಿಯೋ ನಿಮ್ಮ ಹಿಂದೆ ಓರೆಯಾಗಿ ಬರುವ ಹಾಗೆ ಮಗ ಜಾಗ ನೋಡಿಕೊಳ್ಳಲಿ. ಹಾಗಿದ್ದರೆ ಹಂಚಿನಿಂದ ಏಳುವ ಹಬೆ ಬೆಳಕಿನಲ್ಲಿ ಬೆಳ್ಳಗೆ ಕಾಣುತ್ತದೆ. ಎದುರಿನಿಂದ ಬೆಳಕು ಬಿದ್ದರೆ ಹಬೆ ಕಾಣುವುದೇ ಇಲ್ಲ. ಹೀಗೆ ತೆಗೆದಾಗ ಮುಖ ಸ್ವಲ್ಪ ಕಪ್ಪಾಗುತ್ತದೆ. ಅದಕ್ಕೆ ಒಂದು ಸ್ಟೀಲ್ ಪರಾತಕ್ಕೆ ಬಿಳಿ ಬಟ್ಟೆ ಹೊದಿಸಿ ನಿಮ್ಮ ಎದುರು ಒರಗಿಸಿಟ್ಟರೆ ಬೆಳಕು ವಾಪಸ್ ಮುಖಕ್ಕೆ ಬರುತ್ತದೆ. ರೊಟ್ಟಿ ತಟ್ಟುವಾಗ ಕ್ಯಾಮೆರಾ ನೋಡಬೇಡಿ, ರೊಟ್ಟಿಯನ್ನೇ ನೋಡಿ. ತಟ್ಟುವ ಕೈ ಓಡುತ್ತಿರುತ್ತದೆ, ಒಂದೊಂದು ಫೋಟೋದಲ್ಲಿ ಮಸುಕಾದರೂ ಚಿಂತೆಯಿಲ್ಲ. ಮಗ ಒತ್ತುತ್ತಾ ಹೋಗಲಿ. ಹತ್ತು ರೊಟ್ಟಿ ಆಗುವಷ್ಟರಲ್ಲಿ ಒಂದು ಒಳ್ಳೆಯದು ಸಿಕ್ಕೇ ಸಿಗುತ್ತದೆ.

ಕೈಯ ಹಿಟ್ಟು ತೊಳೆಯಬೇಡಿ. ಬಳೆಯೂ ಇರಲಿ. ಕಣ್ಣಿನ ಪಕ್ಕದ ಸುಕ್ಕನ್ನು ಯಾವ ಆ್ಯಪಿನಲ್ಲೂ ಅಳಿಸಬೇಡ ಎಂದು ಮಗನಿಗೆ ಹೇಳಿ. ಎರಡೂ ಫೋಟೋ ಆದ ಮೇಲೆ ನನಗೂ ಕಳಿಸಿ, ಡಾಕ್ಯುಮೆಂಟ್ ಆಗಿ. ಜೊತೆಗೆ ಎರಡು ಡಜನ್ ಕಡಕ್ ರೊಟ್ಟಿ, ಅರ್ಧ ಕಿಲೋ ಶೇಂಗಾ ಚಟ್ನಿ ನನ್ನ ಲೆಕ್ಕದಲ್ಲಿ ಬರೆದುಕೊಳ್ಳಿ. ಶಿವಮೊಗ್ಗಕ್ಕೆ ಪಾರ್ಸೆಲ್ ಹಾಕುತ್ತೀರಲ್ಲ?